ನೂರಾ ಅರವತ್ತೇಳು ಕಿಲೊಮೀಟರಿನ ಲೆಕ್ಕ

ಹುಬ್ಬಳ್ಳಿ ಏರ್‌ಪೋರ್ಟಿನಿಂದ ತೋರಣಗಲ್ಲಿನ ವಿದ್ಯಾನಗರ ಏರ್‌ಪೋರ್ಟಿಗೆ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತು ಎಂದು ಮೊಬೈಲನ್ನು ಕೇಳಿದರೆ ಉತ್ತರಕ್ಕೆ ಕಾಯಬೇಕಾಗಿಲ್ಲ. ದೂರ ಸುಮಾರು 167 ಕಿಲೊಮೀಟರ್. ಹೊತ್ತಿನ ವಿಷಯದಲ್ಲಿ ಮಾತ್ರ ಒಮ್ಮತವಿಲ್ಲ. ಗಂಟೆಗೆ 800 ಕಿ.ಮೀ. ವೇಗವೆಂದು ಹಿಡಿದು ಭಾಗಿಸುವ ಲೆಕ್ಕಕ್ಕೆ ಹದಿಮೂರು ನಿಮಿಷವೂ ಬೇಡ. ಏರುವುದಕ್ಕೆ ಇಳಿಯುವುದಕ್ಕೆ ಎಂದು ಅರ್ಧ ಗಂಟೆ ಸೇರಿಸುವ ಲೆಕ್ಕಕ್ಕೆ ಮುಕ್ಕಾಲು ಗಂಟೆ. ಎರಡೂ ಲೆಕ್ಕಗಳು ಹೇಳದೆ ಬಿಡುವ ಮಾತೊಂದಿದೆ: ಈ ಎರಡು ನಿಲ್ದಾಣಗಳ ನಡುವೆ ನೇರ ವಿಮಾನವೇ ಇಲ್ಲ. ಹಾರಿಯೇ ಹೋಗುತ್ತೇನೆ ಎನ್ನುವವರು ಹುಬ್ಬಳ್ಳಿಯಿಂದ ಬೆಂಗಳೂರಿಗೆ 370 ಕಿ.ಮೀ. ಹಾರಿ, ಅಲ್ಲಿ ವಿಮಾನ ಬದಲಿಸಿ, ತೋರಣಗಲ್ಲಿಗೆ ಮತ್ತೆ 247 ಕಿ.ಮೀ. ಹಾರಬೇಕು. ನೂರಾ ಅರವತ್ತೇಳರ ಕೆಲಸಕ್ಕೆ ಆರುನೂರು ಹದಿನೇಳು.

ಇಲ್ಲದ ವಿಮಾನದ ಹೊತ್ತು ತಿಳಿದು ಏನಾಗಬೇಕು ಎನ್ನುವುದು ನ್ಯಾಯವಾದ ಪ್ರಶ್ನೆಯೇ. ಆದರೆ ಈ ಎರಡು ನಿಲ್ದಾಣಗಳ ನಡುವೆ ಇರುವುದು ಕೊಪ್ಪಳ ಜಿಲ್ಲೆ. ಕೊಪ್ಪಳ ಪಟ್ಟಣದಿಂದ ನೇರ ಗೆರೆ ಎಳೆದರೆ ಪಶ್ಚಿಮಕ್ಕೆ ಹುಬ್ಬಳ್ಳಿ ನಿಲ್ದಾಣ 115 ಕಿ.ಮೀ., ಪೂರ್ವಕ್ಕೆ ವಿದ್ಯಾನಗರ 55 ಕಿ.ಮೀ. ಗಂಗಾವತಿ, ಕುಷ್ಟಗಿ, ಯಲಬುರ್ಗಾದವರು ವಿಮಾನ ಹತ್ತಬೇಕೆಂದರೆ ಹತ್ತಿರದಲ್ಲಿ ಇರುವುದು ಇವೆರಡೇ. ‘ನಮಗೂ ಒಂದು ಏರ್‌ಪೋರ್ಟ್ ಬೇಕ್ರಿ’ ಎಂಬ ಬೇಡಿಕೆ ಜಿಲ್ಲೆಯ ಪ್ರತಿ ಚುನಾವಣೆಯಲ್ಲೂ ಎದ್ದು ಕೂರುತ್ತದೆ. ಆ ಬೇಡಿಕೆ ನಿಲ್ಲುವುದು, ಬೀಳುವುದು ಎರಡೂ ಈ ದೂರ ಮತ್ತು ಹೊತ್ತಿನ ಲೆಕ್ಕದ ಮೇಲೆಯೇ. ಹಾಗಾಗಿ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು.

ಮೊದಲು ದೂರ. ವಿಮಾನದವರು ಕಿಲೊಮೀಟರಿನಲ್ಲಿ ಅಳೆಯುವುದಿಲ್ಲ, ಅವರದು ನಾಟಿಕಲ್ ಮೈಲು. ಒಂದು ನಾಟಿಕಲ್ ಮೈಲು ಎಂದರೆ 1.852 ಕಿ.ಮೀ. ಈ ವಿಚಿತ್ರ ಸಂಖ್ಯೆಗೆ ಕಾರಣ ಸರಳ. ಭೂಮಿಯ ಸುತ್ತಳತೆಯನ್ನು 360 ಡಿಗ್ರಿಯಾಗಿ, ಪ್ರತಿ ಡಿಗ್ರಿಯನ್ನು 60 ಕಲೆಗಳಾಗಿ ಒಡೆದರೆ ಒಂದು ಕಲೆಯ ಉದ್ದ ಒಂದು ನಾಟಿಕಲ್ ಮೈಲು. ಇದು ಗೊತ್ತಿದ್ದರೆ ಅಟ್ಲಾಸ್ ನೋಡಿ ಬಾಯಲ್ಲೇ ಲೆಕ್ಕ ಹಾಕಬಹುದು. ವಿದ್ಯಾನಗರ ನಿಲ್ದಾಣ ಇರುವುದು 76 ಡಿಗ್ರಿ 38 ಕಲೆ ಪೂರ್ವ ರೇಖಾಂಶದಲ್ಲಿ, ಹುಬ್ಬಳ್ಳಿಯದು 75 ಡಿಗ್ರಿ 5 ಕಲೆಯಲ್ಲಿ. ವ್ಯತ್ಯಾಸ 93 ಕಲೆ. ಭೂಮಧ್ಯರೇಖೆಯ ಮೇಲಿದ್ದಿದ್ದರೆ ದೂರ 93 ನಾಟಿಕಲ್ ಮೈಲು ಆಗುತ್ತಿತ್ತು. ನಾವು ಅಲ್ಲಿಂದ ಉತ್ತರಕ್ಕೆ 15 ಡಿಗ್ರಿ ಬಂದಿರುವುದರಿಂದ ರೇಖಾಂಶಗಳು ಒಂದಕ್ಕೊಂದು ಸ್ವಲ್ಪ ಹತ್ತಿರ ಸರಿದಿವೆ. ನೂರಕ್ಕೆ ಮೂರೂವರೆಯಷ್ಟು ಕಳೆದರೆ 90. ಹುಬ್ಬಳ್ಳಿ ತುಸು ಉತ್ತರಕ್ಕಿದೆಯಾದರೂ ಅದು ಕೂಡಿಸುವುದು ಒಂದು ಮೈಲನ್ನೂ ಅಲ್ಲ. ತೊಂಬತ್ತನ್ನು 1.852ರಿಂದ ಗುಣಿಸಿ, ಬಂತಲ್ಲ 167. ಸೂರ್ಯನಿಗೆ ಇದೇ ದೂರ ಆರು ನಿಮಿಷದ ಕೆಲಸ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಚಿಮಣಿಯ ಮೇಲೆ ಮೂಡಿದ ಆರು ನಿಮಿಷಕ್ಕೆ ಅವನು ಹುಬ್ಬಳ್ಳಿಯಲ್ಲೂ ಮೂಡಿರುತ್ತಾನೆ. ಆ ವೇಗದಲ್ಲಿ ಹಾರುವ ಪ್ರಯಾಣಿಕರ ವಿಮಾನ ಇವತ್ತು ಯಾರ ಬಳಿಯೂ ಇಲ್ಲ.

ಈ ದೂರ ಊರಿನಿಂದ ಊರಿಗಲ್ಲ, ರನ್‌ವೇಯಿಂದ ರನ್‌ವೇಗೆ. ಹುಬ್ಬಳ್ಳಿಯ ರನ್‌ವೇ ಇರುವುದು ಗೋಕುಲ ರಸ್ತೆಯಲ್ಲಿ, ಊರಿನ ಪಶ್ಚಿಮ ಮಗ್ಗುಲಲ್ಲಿ. ಕೊಪ್ಪಳ, ಯಲಬುರ್ಗಾದವರು ಊರನ್ನು ಹೊಗುವುದು ಪೂರ್ವದ ಗದಗ ರಸ್ತೆಯಿಂದ. ಅಂದರೆ ಹುಬ್ಬಳ್ಳಿ ಮುಟ್ಟಿದ ಮೇಲೆ ಹುಬ್ಬಳ್ಳಿಯನ್ನೇ ದಾಟಬೇಕು. ಆ ಟ್ರಾಫಿಕ್ಕು ಯಾವ ನಾಟಿಕಲ್ ಮೈಲಿನಲ್ಲೂ ಸೇರಿರುವುದಿಲ್ಲ.

ಇನ್ನು ಹೊತ್ತು. ನೇರ ವಿಮಾನ ಇದ್ದೇ ಇದೆ ಎಂದುಕೊಳ್ಳೋಣ. ನಮ್ಮ ಸಣ್ಣ ನಿಲ್ದಾಣಗಳಿಗೆ ಬರುವ ವಿಮಾನ ಸಾಮಾನ್ಯವಾಗಿ ಎಟಿಆರ್-72: ಎಪ್ಪತ್ತರ ಆಸುಪಾಸು ಸೀಟು, ರೆಕ್ಕೆಗೊಂದು ಪ್ರೊಪೆಲರ್, ಸಮವಾಗಿ ಹಾರುವಾಗ ಗಂಟೆಗೆ ಸುಮಾರು 500 ಕಿ.ಮೀ. ವೇಗ. 167ಕ್ಕೆ ಇಪ್ಪತ್ತು ನಿಮಿಷ. ಆದರೆ ವಿಮಾನದ ಗಡಿಯಾರ ಓಡಲು ಶುರುವಾಗುವುದು ಅದು ನೆಲ ಬಿಟ್ಟಾಗ ಅಲ್ಲ. ಘಾಟಿನಲ್ಲಿ ಕೆಟ್ಟು ನಿಂತ ಲಾರಿಯ ಗಾಲಿಗೆ ಕಲ್ಲು ಕೊಡುತ್ತಾರಲ್ಲ, ಹಾಗೆ ನಿಂತ ವಿಮಾನದ ಚಕ್ರಕ್ಕೂ ಒಂದು ಅಡ್ಡಗಟ್ಟೆ ಕೊಟ್ಟಿರುತ್ತಾರೆ. ಚಾಕ್ ಎನ್ನುತ್ತಾರೆ ಅದಕ್ಕೆ. ಇಲ್ಲಿ ಚಾಕ್ ತೆಗೆದ ಗಳಿಗೆಯಿಂದ ಅಲ್ಲಿ ಚಾಕ್ ಕೊಟ್ಟ ಗಳಿಗೆಯವರೆಗಿನದು ಬ್ಲಾಕ್ ಟೈಮ್. ಟಿಕೆಟ್ಟಿನ ಮೇಲೆ ಅಚ್ಚಾಗುವುದು ಇದೇ.

ವಿದ್ಯಾನಗರದಲ್ಲಿ ಬಾಗಿಲು ಹಾಕಿ, ಎಂಜಿನ್ ಚಾಲೂ ಮಾಡಿ, ರನ್‌ವೇ ತುದಿಗೆ ಉರುಳುವುದಕ್ಕೆ ಐದಾರು ನಿಮಿಷ. ಮೇಲೆದ್ದ ಎಟಿಆರ್ ಹದಿನಾಲ್ಕು ಸಾವಿರ ಅಡಿಗೆ ಏರಬೇಕು ಎಂದಿಟ್ಟುಕೊಳ್ಳಿ. ಏರುವಾಗ ಅದು ಐನೂರರ ವೇಗದಲ್ಲಿ ಇರುವುದಿಲ್ಲ, ಮುನ್ನೂರು ಚಿಲ್ಲರೆ. ಹತ್ತು ಹನ್ನೆರಡು ನಿಮಿಷ ಏರುವಷ್ಟರಲ್ಲಿ ಐವತ್ತು, ಅರವತ್ತು ಕಿಲೊಮೀಟರ್ ಮುಗಿದಿರುತ್ತದೆ. ಸಂಡೂರಿನ ಗುಡ್ಡಸಾಲು ಹಿಂದೆ ಸರಿದು ಕೆಳಗೆ ತುಂಗಭದ್ರೆಯ ಹಿನ್ನೀರು ಬಂದಿರುತ್ತದೆ. ಬಲಗಡೆ ಕಿಟಕಿಯವರಿಗೆ ಕೊಪ್ಪಳ ಹದಿಮೂರು ಕಿ.ಮೀ. ಆಚೆ ಕಾಣುತ್ತಿರುತ್ತದೆ. ಈಗಲಾದರೂ ವೇಗವಾಗಿ ಹೋಗಬಹುದೇ? ಇಲ್ಲ, ಇಳಿಯುವ ಚಿಂತೆ ಆಗಲೇ ಶುರು. ಪೈಲಟ್‌ಗಳಿಗೆ ಒಂದು ಕಟ್ಟಿನ ಲೆಕ್ಕವಿದೆ: ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲು ಬೇಕು. ಹುಬ್ಬಳ್ಳಿ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,170 ಅಡಿ ಎತ್ತರದಲ್ಲಿದೆ. ಹದಿನಾಲ್ಕು ಸಾವಿರದಿಂದ ಅಲ್ಲಿಗೆ ಹನ್ನೆರಡು ಸಾವಿರ ಅಡಿ ಇಳಿಯಬೇಕು, ಅಂದರೆ 36 ನಾಟಿಕಲ್ ಮೈಲು, 67 ಕಿ.ಮೀ. ಏರಲು ಅರವತ್ತು, ಇಳಿಯಲು ಅರವತ್ತೇಳು ಹೋದರೆ ಸಮವಾಗಿ ಹಾರುವುದಕ್ಕೆ ಉಳಿಯುವುದು ನಲವತ್ತು ಕಿಲೊಮೀಟರ್. ಗಂಟೆಗೆ ಐನೂರು ಎಂಬ ಜಾಹೀರಾತಿನ ವೇಗ ಅನುಭವಕ್ಕೆ ಬರುವುದು ಹಿನ್ನೀರಿನಿಂದ ಕಪ್ಪತಗುಡ್ಡದ ಈಚೆಯವರೆಗಿನ ಐದು ನಿಮಿಷ ಮಾತ್ರ. ಏರ್‌ಹೋಸ್ಟೆಸ್ ಚಹಾ ಕೊಡುವುದಕ್ಕೆ ಅದು ಸಾಲದು.

ಎಟಿಆರ್ ಬೇಡ, ಜೆಟ್ ಬರಲಿ ಎಂದರೆ? ಐವತ್ತು ಸೀಟಿನ ಎಂಬ್ರೇಯರ್ ಜೆಟ್ ಎಟಿಆರ್‌ಗಿಂತ ಒಂದೂವರೆ ಪಟ್ಟು ವೇಗದ್ದು. ಆದರೆ ಹತ್ತು ಸಾವಿರ ಅಡಿಯ ಕೆಳಗೆ ಯಾವ ವಿಮಾನಕ್ಕೂ 250 ನಾಟ್ ಮಿತಿ, ಎಂದರೆ ಗಂಟೆಗೆ 463 ಕಿ.ಮೀ. ಇಷ್ಟು ಸಣ್ಣ ಹಾದಿಯಲ್ಲಿ ಬಹುಪಾಲು ಹೊತ್ತು ಆ ಮಿತಿಯ ಕೆಳಗೇ ಕಳೆಯುವುದರಿಂದ ಜೆಟ್ ಉಳಿಸುವುದು ನಾಲ್ಕಾರು ನಿಮಿಷ, ಸುಡುವ ಇಂಧನ ಮಾತ್ರ ಬಹಳ. ಸಣ್ಣ ದೂರಕ್ಕೆ ಪ್ರೊಪೆಲರ್ ವಿಮಾನವೇ ಸರಿ ಎನ್ನುವುದು ಬಡತನದ ಮಾತಲ್ಲ, ಲೆಕ್ಕದ ಮಾತು.

ಗಾಳಿಯೂ ತನ್ನ ಪಾಲು ಕೇಳುತ್ತದೆ, ಆದರೆ ಜನ ಅಂದುಕೊಂಡಷ್ಟಲ್ಲ. ಮುಂಗಾರಿನಲ್ಲಿ ನಮ್ಮ ಮೇಲೆ ಬೀಸುವುದು ಪಶ್ಚಿಮದ ಗಾಳಿ, ಹುಬ್ಬಳ್ಳಿಗೆ ಹೋಗುವ ವಿಮಾನಕ್ಕೆ ಅದು ಎದುರು. ಗಂಟೆಗೆ ನಲವತ್ತು ಕಿ.ಮೀ. ಎದುರುಗಾಳಿ ಇದ್ದರೂ ಈ ಹಾದಿಯಲ್ಲಿ ತಡವಾಗುವುದು ಒಂದೆರಡು ನಿಮಿಷ. ಜೊತೆಗೆ ಒಂದು ಅನುಕೂಲ ಬೇರೆ. ವಿಮಾನ ಗಾಳಿಗೆ ಮುಖಮಾಡಿಯೇ ಇಳಿಯಬೇಕು, ಹುಬ್ಬಳ್ಳಿಯ ರನ್‌ವೇ ಇರುವುದು ಪೂರ್ವ-ಪಶ್ಚಿಮವಾಗಿ. ಮಳೆಗಾಲದಲ್ಲಿ ಪೂರ್ವದಿಂದ ಬಂದ ವಿಮಾನ ಸುತ್ತು ಹೊಡೆಯದೆ ನೆಟ್ಟಗೆ ಇಳಿಯಬಹುದು. ಚಳಿಗಾಲದ ಪೂರ್ವದ ಗಾಳಿಗೆ ಊರು ದಾಟಿ ಹೋಗಿ, ತಿರುಗಿ ಬಂದು ಇಳಿಯಬೇಕು. ಐದಾರು ನಿಮಿಷ ಅಲ್ಲಿ ಹೋಯಿತು. ಎಲ್ಲ ಕೂಡಿಸಿದರೆ ನಲವತ್ತರಿಂದ ನಲವತ್ತೈದು ನಿಮಿಷ. ಭಾಗಿಸಿದ ಮೇಲೆ ಅರ್ಧ ಗಂಟೆ ಸೇರಿಸುವ ಆ ಒರಟು ಲೆಕ್ಕವೇ ಸತ್ಯಕ್ಕೆ ಹತ್ತಿರ. ವಿದ್ಯಾನಗರ–ಬೆಂಗಳೂರು 247 ಕಿ.ಮೀ. ಹಾದಿಗೆ ವೇಳಾಪಟ್ಟಿಯಲ್ಲಿ ಒಂದು ಗಂಟೆಯ ಆಸುಪಾಸು ಹಾಕುವುದೂ ಇದೇ ಕಾರಣಕ್ಕೆ. ಬೆಂಗಳೂರಿನಲ್ಲಿ ಇಳಿದ ಮೇಲೆ ಬಾಗಿಲಿನವರೆಗೆ ಉರುಳುವುದೇ ಒಂದು ಪ್ರಯಾಣ.

ಸರಿ, ಮುಕ್ಕಾಲು ಗಂಟೆಯ ಹಾದಿ. ಆದರೂ ಯಾಕೆ ಯಾರೂ ಹಾರಿಸುವುದಿಲ್ಲ?

ಒಂದು ಉತ್ತರ ರೈಲು. ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ತೋರಣಗಲ್ಲು ಎಲ್ಲವೂ ಒಂದೇ ಹಳಿಯ ಮೇಲಿವೆ. ಆ ಹಳಿಯ ದೂರ 175 ಕಿ.ಮೀ.ಗಿಂತ ಹೆಚ್ಚೇನಲ್ಲ, ಆಕಾಶದ ಗೆರೆಗೂ ನೆಲದ ಹಳಿಗೂ ಇಷ್ಟು ಕಡಿಮೆ ವ್ಯತ್ಯಾಸ ಸಿಗುವುದು ಅಪರೂಪ. ಒಂದು ಗಂಟೆ ಮೊದಲೇ ಹೋಗಿ ಕೂತು ವಿಮಾನ ಹತ್ತುವವನಿಗಿಂತ ರೈಲಿನವನು ಬಹಳ ಹಿಂದೇನೂ ಬೀಳುವುದಿಲ್ಲ, ದುಡ್ಡು ಮಾತ್ರ ಹತ್ತರಲ್ಲೊಂದು ಪಾಲು. ಬೆಂಗಳೂರಿನ ಕಥೆ ಬೇರೆ. ಕೊಪ್ಪಳದಿಂದ ಬೆಂಗಳೂರು ನಿಲ್ದಾಣಕ್ಕೆ ನೇರ ಗೆರೆ 290 ಕಿ.ಮೀ. ಆದರೆ ಹಂಪಿ ಎಕ್ಸ್‌ಪ್ರೆಸ್ ಬಳ್ಳಾರಿ ದಾಟಿ, ಆಂಧ್ರದ ಗುಂತಕಲ್ ಸುತ್ತಿಕೊಂಡು ನಾನೂರು ಮೀರಿ ಓಡುತ್ತದೆ. ವಿಮಾನಕ್ಕೆ ಬೆಲೆ ಬರುವುದು ಹಳಿ ಸುತ್ತು ಹೊಡೆಯುವ ಕಡೆ.

ಎರಡನೆಯ ಉತ್ತರ ಸರ್ಕಾರದ ಕಡತದಲ್ಲಿದೆ. 2016ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಉಡಾನ್ ಯೋಜನೆ ಪ್ರಕಟಿಸಿತು. ಸಣ್ಣ ಊರುಗಳ ನಡುವೆ ವಿಮಾನ, ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ, ಕಂಪನಿಗೆ ಆಗುವ ನಷ್ಟವನ್ನು ಮೂರು ವರ್ಷ ಸರ್ಕಾರ ತುಂಬಿಕೊಡುತ್ತದೆ ಎಂದಿತ್ತು ಅದು. 2017ರ ಏಪ್ರಿಲ್ 27ರಂದು ಶಿಮ್ಲಾ–ದೆಹಲಿ ನಡುವೆ ಮೊದಲ ವಿಮಾನ ಹಾರಿತು. ಪ್ರಕಟಣೆಯ ಹೊತ್ತಿಗೆ ಹಾಕಿಕೊಂಡ ಅಳತೆ 200ರಿಂದ 800 ಕಿ.ಮೀ. ಗುಡ್ಡಗಾಡು, ದ್ವೀಪ, ದುರ್ಗಮ ಪ್ರದೇಶ, ಗಡಿನಾಡಿಗೆ ಮಾತ್ರ ಕೆಳಮಿತಿಯಿಂದ ವಿನಾಯಿತಿ. ನಮ್ಮ 167 ಆ ಗೆರೆಯ ಕೆಳಗೇ ಬಿತ್ತು. ಕೆಳಮಿತಿ ಅನ್ಯಾಯವೇನಲ್ಲ. ಇನ್ನೂರರೊಳಗಿನ ಬಯಲು ದಾರಿಗೆ ಬಸ್ಸು, ರೈಲು ಸಾಕು ಎನ್ನುವ ತರ್ಕ ಸರಿಯೇ ಇದೆ.

ಆ ವಿನಾಯಿತಿಗೂ ಕಾರಣವಿದೆ. ಜಗತ್ತಿನ ಅತಿ ಸಣ್ಣ ದೈನಂದಿನ ವಿಮಾನ ಸೇವೆ ಸ್ಕಾಟ್ಲೆಂಡಿನ ಓರ್ಕ್ನಿ ದ್ವೀಪಗಳಲ್ಲಿದೆ. ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ 2.7 ಕಿ.ಮೀ., ವೇಳಾಪಟ್ಟಿಯಲ್ಲಿ ಎರಡು ನಿಮಿಷ. ಗಾಳಿ ಕೂಡಿಬಂದರೆ ಒಂದು ನಿಮಿಷದೊಳಗೇ ಮುಗಿದದ್ದೂ ಉಂಟು. 1967ರಿಂದ ನಡೆದು ಬಂದ ಸೇವೆ ಅದು. ಹುಚ್ಚಾಟ ಅನ್ನಿಸಬಹುದು, ಆದರೆ ನಡುವೆ ಸಮುದ್ರವಿದೆ. ದೂರವನ್ನು ನಿರ್ಧರಿಸುವುದು ಕಿಲೊಮೀಟರಲ್ಲ, ನಡುವೆ ಏನಿದೆ ಎಂಬುದು. ಇದನ್ನು ಗಂಗಾವತಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗಂಗಾವತಿಯಿಂದ ವಿದ್ಯಾನಗರ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಬರೀ ಮೂವತ್ತು ಕಿ.ಮೀ. ಜಿಲ್ಲೆಯ ನಾಲ್ಕು ದೊಡ್ಡ ಊರುಗಳಲ್ಲಿ ಇಷ್ಟು ಹತ್ತಿರ ಮತ್ಯಾವುದಕ್ಕೂ ಇಲ್ಲ. ಆದರೆ ಆ ಗೆರೆಗೆ ಅಡ್ಡಲಾಗಿ ತುಂಗಭದ್ರೆ ಹರಿಯುತ್ತದೆ. ವಾಹನ ಹೋಗಬೇಕಾದ್ದು ಕಂಪ್ಲಿ ಸೇತುವೆಯ ಮೇಲೆ, ಅಲ್ಲಿಂದ ದರೋಜಿ ಕಡೆಯಿಂದ ತೋರಣಗಲ್ಲಿಗೆ. ಮೂವತ್ತು ಐವತ್ತರ ಹತ್ತಿರಕ್ಕೆ ಬರುತ್ತದೆ. ಇದೂ ಹೋಗಲಿ ಎನ್ನಬಹುದು, ಆದರೆ ಮುನಿರಾಬಾದ್ ಜಲಾಶಯ ತುಂಬಿ ಕ್ರೆಸ್ಟ್‌ಗೇಟುಗಳನ್ನು ಎತ್ತಿ ನದಿಗೆ ಲಕ್ಷ ದಾಟಿ ಕ್ಯೂಸೆಕ್ ಬಿಟ್ಟ ದಿನಗಳಲ್ಲಿ ಕಂಪ್ಲಿ ಕೋಟೆಯ ಬಳಿಯ ಆ ಸೇತುವೆಗೆ ನೀರು ಮುಟ್ಟುತ್ತದೆ, ಇನ್ನೂ ಏರಿದರೆ ಮುಳುಗುತ್ತದೆ. ಎರಡೂ ಕಡೆ ಪೊಲೀಸರು ಬ್ಯಾರಿಕೇಡ್ ಇಟ್ಟು ನಿಲ್ಲುತ್ತಾರೆ. ಬಸ್ಸುಗಳು ಕಡೆಬಾಗಿಲು–ಬುಕ್ಕಸಾಗರ ಸೇತುವೆಯ ಕಡೆ ತಿರುಗುತ್ತವೆ. ನೀರು ನೋಡಲು ಬಂದ ಜನ ಮೊಬೈಲ್ ಹಿಡಿದು ನಿಂತಿರುತ್ತಾರೆ, ಅವರ ನಡುವೆ ಭತ್ತದ ಮೂಟೆಯ ಲಾರಿಗಳು ಸಾಲುಗಟ್ಟಿರುತ್ತವೆ. ಆ ದಿನ ಟಿಕೆಟ್ ತೆಗೆಸಿಟ್ಟವನ ಪಾಡು ಕೇಳುವುದೇ ಬೇಡ. ವಿಮಾನ ಹೊತ್ತಿಗೆ ಸರಿಯಾಗಿ ಹಾರುತ್ತದೆ, ಇವನು ಹೊಳೆಯ ಈಚೆ. ಸ್ವಲ್ಪ ಮೇಲೆ ಆನೆಗೊಂದಿಯಿಂದ ಹಂಪಿ ಕಡೆಗೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕಾಮಗಾರಿ ನಡೆಯುತ್ತಿದ್ದಾಗಲೇ ಕುಸಿದು ಕಾರ್ಮಿಕರು ಸತ್ತ ನೆನಪು ಆ ಭಾಗದವರಿಗೆ ಇನ್ನೂ ಮಾಸಿಲ್ಲ. ಇಲ್ಲಿ ನದಿ ದಾಟುವುದು ಯಾವತ್ತೂ ಸಲೀಸಿನ ಮಾತಾಗಿರಲಿಲ್ಲ.

ಹೀಗೆ ನಕ್ಷೆಯ ಅಳತೆ ಒಂದು, ನೆಲದ ಅಳತೆ ಇನ್ನೊಂದು. ಹಾಗಿದ್ದರೂ ಕಾನೂನು ಕೇಳುವುದು ನಕ್ಷೆಯ ಅಳತೆಯನ್ನೇ. ಕೇಂದ್ರದ 2008ರ ಗ್ರೀನ್‌ಫೀಲ್ಡ್ ವಿಮಾನ ನಿಲ್ದಾಣ ನೀತಿಯ ಪ್ರಕಾರ, ಈಗಾಗಲೇ ಇರುವ ನಾಗರಿಕ ವಿಮಾನ ನಿಲ್ದಾಣದಿಂದ 150 ಕಿ.ಮೀ. ವೈಮಾನಿಕ ದೂರದೊಳಗೆ ಹೊಸದೊಂದು ಕಟ್ಟುವುದಾದರೆ, ಹಳೆಯದರ ಮೇಲೆ ಏನು ಪರಿಣಾಮವಾಗುತ್ತದೆ ಎಂದು ಕೇಂದ್ರವೇ ಪ್ರತ್ಯೇಕವಾಗಿ ಪರಿಶೀಲಿಸಬೇಕು. ಬೆಂಗಳೂರಿನ ನಿಲ್ದಾಣ ಇದಕ್ಕಿಂತ ಬಿಗಿಯಾದ ಕರಾರು ಬರೆಸಿಕೊಂಡಿದೆ. 2008ರಲ್ಲಿ ಅದು ಬಾಗಿಲು ತೆರೆದಂದಿನಿಂದ 25 ವರ್ಷ, ಎಂದರೆ 2033ರವರೆಗೆ, ಮೈಸೂರು ಮತ್ತು ಹಾಸನ ಬಿಟ್ಟು ಸುತ್ತಲ 150 ಕಿ.ಮೀ.ಯಲ್ಲಿ ಇನ್ನೊಂದು ಬರುವಂತಿಲ್ಲ. ಈ ಅಳತೆಯ ಕೈವಾರ ಹಿಡಿದು ವಿದ್ಯಾನಗರದಲ್ಲಿ ಮುಳ್ಳು ಊರಿ ಒಂದು ವೃತ್ತ, ಹುಬ್ಬಳ್ಳಿಯಲ್ಲಿ ಊರಿ ಇನ್ನೊಂದು ಎಳೆಯಿರಿ. ಕೊಪ್ಪಳ ಎರಡರೊಳಗೂ ಇದೆ. ಕುಷ್ಟಗಿ, ಯಲಬುರ್ಗಾ, ಗಂಗಾವತಿಗೂ ವೃತ್ತದಿಂದ ಬಿಡುಗಡೆಯಿಲ್ಲ. ಹೊಸ ನಿಲ್ದಾಣ ಆಗಲೇಬಾರದು ಎಂದೇನೂ ಇದರ ಅರ್ಥವಲ್ಲ, ದೇಶದಲ್ಲಿ ಇಂಥ ವೃತ್ತದೊಳಗೆ ಎಷ್ಟೋ ಆಗಿವೆ. ಆದರೆ ಕಡತ ದೆಹಲಿಗೆ ಹೋಗಿ, ಇರುವ ನಿಲ್ದಾಣ ತುಂಬಿದೆಯೇ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ.

ಕೊಪ್ಪಳದಲ್ಲಿ ರನ್‌ವೇ ಇಲ್ಲವೇ ಇಲ್ಲ ಎಂದಲ್ಲ. ಪಟ್ಟಣದ ಹತ್ತಿರದಲ್ಲೇ ಬಲ್ಡೋಟಾ ಸಮೂಹದ ಎಂಎಸ್‌ಪಿಎಲ್‌ ಕಂಪನಿಯ ಖಾಸಗಿ ಏರ್‌ಸ್ಟ್ರಿಪ್ ಇದೆ. ಚುನಾವಣೆ ಬಂದಾಗ ನಾಯಕರ ಸಣ್ಣ ವಿಮಾನ, ಹೆಲಿಕಾಪ್ಟರುಗಳು ಇಳಿಯುವುದನ್ನು ಜನ ನೋಡಿದ್ದಾರೆ. ಉಡಾನ್ ಪಟ್ಟಿಯಲ್ಲಿ ಕೊಪ್ಪಳದ ಹೆಸರೂ ಬಂದಿತ್ತು. ಟಿಕೆಟ್ ಕೊಂಡ ಸಾಮಾನ್ಯ ಪ್ರಯಾಣಿಕರ ವಿಮಾನ ಮಾತ್ರ ಬರಲಿಲ್ಲ. ಅಲ್ಲಿಂದ ವಿದ್ಯಾನಗರ ರನ್‌ವೇಗೆ ನೇರ ದೂರ ಐವತ್ತು ಕಿ.ಮೀ. ಮುಟ್ಟುವುದಿಲ್ಲ. ವಿದ್ಯಾನಗರವೂ ಉಕ್ಕಿನ ಕಂಪನಿಯ ನಿಲ್ದಾಣವೇ. ಹೀಗೆ ನಮ್ಮ ಭಾಗದ ಆಕಾಶದ ಬಾಗಿಲುಗಳೆಲ್ಲ ಅದಿರಿನ ದುಡ್ಡಿನಲ್ಲಿ ಆದವು.

ವಿದ್ಯಾನಗರದ್ದೇ ಅನುಭವ ನೋಡಿ. 2017ರ ಸೆಪ್ಟೆಂಬರಿನಲ್ಲಿ ಉಡಾನ್ ಅಡಿ ಟ್ರೂಜೆಟ್ ಕಂಪನಿಯ ಎಟಿಆರ್ ಹೈದರಾಬಾದಿನಿಂದ ವಿದ್ಯಾನಗರಕ್ಕೆ, ಅಲ್ಲಿಂದ ಬೆಂಗಳೂರಿಗೆ ಹಾರತೊಡಗಿತು. ಹಂಪಿಗೆ ಬರುವವರಿಗೆ, ಕಾರ್ಖಾನೆಯ ಅಧಿಕಾರಿಗಳಿಗೆ ಅನುಕೂಲವಾಯಿತು. ಗಂಗಾವತಿ, ಕಾರಟಗಿ ಕಡೆಯ ಕ್ಯಾಂಪುಗಳವರಿಗೂ. ಕಾಲುವೆ ನೀರು ಬಂದ ಕಾಲದಲ್ಲಿ ಆಂಧ್ರದಿಂದ ಬಂದು ಭತ್ತ ಬೆಳೆದ ಕುಟುಂಬಗಳು ಅವು, ಅವರ ಮಕ್ಕಳು ಈಗ ಹೈದರಾಬಾದಿನ ಕಂಪನಿಗಳಲ್ಲಿದ್ದಾರೆ. ಐದು ವರ್ಷ ತುಂಬುವ ಮೊದಲೇ, 2022ರಲ್ಲಿ, ಆ ಕಂಪನಿಯೇ ಹಾರಾಟ ನಿಲ್ಲಿಸಿತು. ಆಮೇಲೆ ಬೇರೆಯವರು ಬಂದರು. ನಿಂತು, ಶುರುವಾಗಿ, ಮತ್ತೆ ನಿಂತು ನಡೆಯುವ ಸೇವೆಯನ್ನು ನಂಬಿ ಯಾರೂ ತಿಂಗಳ ಮುಂಚೆ ಟಿಕೆಟ್ ತೆಗೆಸುವುದಿಲ್ಲ.

ಇದು ವಿದ್ಯಾನಗರದ ಹಣೆಬರಹ ಮಾತ್ರವಲ್ಲ. ಮಹಾಲೇಖಪಾಲರು 2023ರಲ್ಲಿ ಸಂಸತ್ತಿಗೆ ಕೊಟ್ಟ ವರದಿಯಲ್ಲಿ ಉಡಾನ್ ಮೊದಲ ಮೂರು ಸುತ್ತುಗಳ ಲೆಕ್ಕ ಬಿಚ್ಚಿಟ್ಟಿದ್ದಾರೆ. ಹಂಚಿದ್ದು 774 ಮಾರ್ಗ, ಶುರುವೇ ಆಗದಿದ್ದದ್ದು 403. ಶುರುವಾದ 371ರಲ್ಲಿ ಮೂರು ವರ್ಷದ ಅವಧಿ ಮುಗಿಸಿದ್ದು 112. ಸಹಾಯಧನ ನಿಂತ ಮೇಲೂ 2023ರ ಮಾರ್ಚಿನಲ್ಲಿ ಹಾರುತ್ತಿದ್ದದ್ದು 54. ನೂರು ಮಾರ್ಗಕ್ಕೆ ಏಳು. ಹೊಸ ರನ್‌ವೇ ಕೇಳುವ ಯಾರಾದರೂ ಮೊದಲು ಈ ಕೊನೆಯ ಸಂಖ್ಯೆಯನ್ನು ನೋಡಬೇಕು.

ಮನೆ ಬಾಗಿಲಿನಿಂದ ಬಾಗಿಲಿಗೆ ಲೆಕ್ಕ ಹಾಕಿದರೆ ಚಿತ್ರ ಇನ್ನಷ್ಟು ಸ್ಪಷ್ಟ. ಯಲಬುರ್ಗಾದ ಒಬ್ಬ ವ್ಯಾಪಾರಿಗೆ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಕೆಲಸ. ಯಲಬುರ್ಗಾದಿಂದ ಕೊಪ್ಪಳ, ಹೊಸಪೇಟೆ ಮೇಲೆ ತೋರಣಗಲ್ಲಿಗೆ ನೂರು ಕಿ.ಮೀ. ಮೀರುತ್ತದೆ. ಹೊಸಪೇಟೆಯ ಆಚೆ ಅದಿರಿನ ಲಾರಿಗಳ ಹಿಂದೆ ಬಿದ್ದರೆ ಎರಡೂವರೆ ತಾಸು. ನಿಲ್ದಾಣದಲ್ಲಿ ಒಂದೂಕಾಲು ತಾಸು ಮೊದಲೇ ಇರಬೇಕು. ಹಾರಾಟ ಒಂದು ತಾಸು. ಇಳಿದು ಹೊರಬರಲು ಅರ್ಧ. ದೇವನಹಳ್ಳಿ ಕಡೆಯಿಂದ ಮೆಜೆಸ್ಟಿಕ್ ಮುಟ್ಟಲು ಒಂದೂವರೆ. ಒಟ್ಟು ಆರೂಮುಕ್ಕಾಲು. ಕಾರಿನಲ್ಲಿ ಚಿತ್ರದುರ್ಗದ ಮೇಲೆ ನೇರ ಹೋದರೆ ಏಳು, ಏಳೂವರೆ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಮಲಗಿದರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ, ಬೆಳಗ್ಗೆ ಬೆಂಗಳೂರು. ಅರ್ಧ ತಾಸು ಉಳಿಸಲು ಅವನು ವಿಮಾನ ಹತ್ತುವುದಿಲ್ಲ. ಹತ್ತಬೇಕಾಗಿಯೂ ಇಲ್ಲ.

ಅದೇ ಮನುಷ್ಯನ ಮಗಳು ದುಬೈಗೋ ದೆಹಲಿಗೋ ಹೊರಟರೆ ಲೆಕ್ಕ ತಿರುಗುತ್ತದೆ. ಅವಳಿಗೆ ಬೇಕಾದ್ದು ಮೆಜೆಸ್ಟಿಕ್ ಅಲ್ಲ, ಬೆಂಗಳೂರಿನ ವಿಮಾನ ನಿಲ್ದಾಣವೇ. ಕೊನೆಯ ಒಂದೂವರೆ ತಾಸು ಉಳಿಯಿತು. ಬಸ್ಸಿನಲ್ಲಾದರೆ ತುಮಕೂರಿನ ಕಡೆಯಿಂದ ಊರೊಳಗೆ ಬಂದು, ಲಗೇಜ್ ಇಳಿಸಿ, ವಾಯುವಜ್ರ ಬಸ್ ಹತ್ತಿ ಮತ್ತೆ ಮೂವತ್ತೈದು ಕಿ.ಮೀ. ಉತ್ತರಕ್ಕೆ ಹೋಗಬೇಕಿತ್ತು. ಗಂಗಾವತಿಯಿಂದ ಹೈದರಾಬಾದಿಗೆ ಹೋಗುವವರಿಗೂ ಲಾಭ ದೊಡ್ಡದು. ಸಿಂಧನೂರು, ರಾಯಚೂರು, ಮಹಬೂಬ್‌ನಗರ ದಾಟಿ ರಸ್ತೆಯಲ್ಲಿ ಒಂದು ಹಗಲು ಕಳೆಯುವ ಬದಲು ಐದು ತಾಸಿನಲ್ಲಿ ಮುಗಿಯುತ್ತದೆ. ಅಂಜನಾದ್ರಿಗೆ ಉತ್ತರ ಭಾರತದಿಂದ ಬರುವ ಭಕ್ತರಿಗೂ ಅಷ್ಟೆ. ಸಣ್ಣ ನಿಲ್ದಾಣದ ಉಪಯೋಗ ಬೆಂಗಳೂರಿಗೆ ಹೋಗುವವನಿಗಿಂತ ಬೆಂಗಳೂರಿನಾಚೆ ಹೋಗುವವನಿಗೆ ಹೆಚ್ಚು. ಆದ್ದರಿಂದಲೇ ವಿಮಾನ ಎಷ್ಟು ನಿಮಿಷ ಹಾರುತ್ತದೆ ಎಂಬುದಕ್ಕಿಂತ, ಬೆಂಗಳೂರಿಗೆ ಎಷ್ಟು ಗಂಟೆಗೆ ಮುಟ್ಟುತ್ತದೆ, ಅಲ್ಲಿಂದ ಮುಂದಿನ ವಿಮಾನ ಸಿಗುತ್ತದೆಯೇ ಎಂಬುದೇ ಮುಖ್ಯ.

ಕುಷ್ಟಗಿಯವರದು ಇನ್ನೊಂದು ಪೇಚು. ವಿದ್ಯಾನಗರ ನೇರ ಗೆರೆಯಲ್ಲಿ ಎಂಬತ್ತು, ರಸ್ತೆಯಲ್ಲಿ ನೂರರ ಆಸುಪಾಸು. ಆದರೆ 2025ರ ಮೇ ತಿಂಗಳಲ್ಲಿ ಗದಗ–ವಾಡಿ ಮಾರ್ಗದ ತಳಕಲ್–ಕುಷ್ಟಗಿ ಭಾಗ ತೆರೆದು ಹುಬ್ಬಳ್ಳಿಗೆ ನೇರ ರೈಲು ಬಂದ ಮೇಲೆ, ದೂರದ ಹುಬ್ಬಳ್ಳಿಯೇ ಹತ್ತಿರವಾದಂತೆ ಆಗಿದೆ. ಯಲಬುರ್ಗಾಕ್ಕೂ ಅದೇ ಹಳಿ. ಗಂಗಾವತಿಗೆ 2019ರಲ್ಲೇ ರೈಲು ಬಂತು, ಅದೂ ಗಿಣಿಗೇರಿಯ ಮೇಲೆ ಹುಬ್ಬಳ್ಳಿ ಕಡೆಗೇ. ಹುಬ್ಬಳ್ಳಿ ನಿಲ್ದಾಣಕ್ಕೆ 2017ರ ಡಿಸೆಂಬರಿನಲ್ಲಿ ಹೊಸ ಟರ್ಮಿನಲ್ ಬಂದಿದೆ. ರನ್‌ವೇ 2,600 ಮೀಟರಿಗೆ ಬೆಳೆದು ದೊಡ್ಡ ಏರ್‌ಬಸ್ಸುಗಳೂ ಇಳಿಯುತ್ತವೆ. ಹೀಗೆ ಹಳಿಗಳೆಲ್ಲ ಜಿಲ್ಲೆಯನ್ನು ಪಶ್ಚಿಮಕ್ಕೆ ಎಳೆಯುತ್ತಿವೆ, ನಕ್ಷೆ ಮಾತ್ರ ಪೂರ್ವದ ನಿಲ್ದಾಣವೇ ಹತ್ತಿರ ಎನ್ನುತ್ತಿದೆ.

ಕೊಪ್ಪಳಕ್ಕೆ ಸ್ವಂತ ವಿಮಾನ ನಿಲ್ದಾಣ ಬೇಡ ಎಂದು ನಾನು ಹೇಳುತ್ತಿಲ್ಲ. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಜಿಲ್ಲೆಗೆ ಒಂದೊಂದು ಸೌಲಭ್ಯವೂ ಜಗಳ ಮಾಡಿಯೇ ಬಂದಿದೆ, ಕೇಳುವುದು ಹಕ್ಕು. ಆದರೆ ಎಡಕ್ಕೂ ಬಲಕ್ಕೂ ಒಂದೊಂದು ಇರುವಾಗ, ವಿಜಯಪುರದಲ್ಲಿ ಇನ್ನೊಂದರ ಕೆಲಸ ನಡೆದಿರುವಾಗ, ನೂರಾರು ಎಕರೆ ಹೊಲ ತೆಗೆದುಕೊಂಡು ನಾಲ್ಕನೆಯದನ್ನು ಕಟ್ಟಿ, ಮೂರು ವರ್ಷ ಸಹಾಯಧನದಲ್ಲಿ ಹಾರಿಸಿ, ಆಮೇಲೆ ಬೀಗ ಹಾಕಿದ ಟರ್ಮಿನಲ್ಲಿನ ಮುಂದೆ ಫೋಟೊ ತೆಗೆಸಿಕೊಳ್ಳುವುದರಲ್ಲಿ ನನಗೆ ಉತ್ಸಾಹವಿಲ್ಲ. ಅದೇ ಜನಪ್ರತಿನಿಧಿಗಳು ಅದೇ ದನಿಯಲ್ಲಿ ಮೊದಲು ಕೇಳಬೇಕಾದ್ದು ಪ್ರವಾಹಕ್ಕೆ ಮುಳುಗದ ಎತ್ತರದ ಕಂಪ್ಲಿ ಸೇತುವೆ. ಆಮೇಲೆ ತೋರಣಗಲ್ಲಿನಿಂದ ಬೆಳಗ್ಗೆ ಹೊರಟು ಬೆಂಗಳೂರಿನಲ್ಲಿ ಮುಂದಿನ ವಿಮಾನ ಸಿಗಿಸುವ, ಸಂಜೆ ಮರಳುವ, ವರ್ಷವಿಡೀ ತಪ್ಪದ ಒಂದು ಸೇವೆ. ಇವೆರಡಕ್ಕೂ ದುಡ್ಡು, ಹೊತ್ತು ಹಿಡಿಯುತ್ತದೆ ಎನ್ನಿ. ಗಂಗಾವತಿ ಬಸ್ ನಿಲ್ದಾಣದಿಂದ ವಿಮಾನದ ವೇಳೆಗೆ ಹೊಂದಿಸಿ ತೋರಣಗಲ್ಲಿಗೆ, ಹುಬ್ಬಳ್ಳಿ ರೈಲು ನಿಲ್ದಾಣದಿಂದ ಗೋಕುಲ ರಸ್ತೆಗೆ ಕುಷ್ಟಗಿ ರೈಲಿನ ವೇಳೆಗೆ ಹೊಂದಿಸಿ ಒಂದೊಂದು ಬಸ್ ಬಿಡುವುದಕ್ಕೆ ಮಾತ್ರ ದೆಹಲಿಯ ಅಪ್ಪಣೆ ಬೇಕಿಲ್ಲ, ನೂರೈವತ್ತು ಕಿಲೊಮೀಟರಿನ ವೃತ್ತವೂ ಅಡ್ಡ ಬರುವುದಿಲ್ಲ. ಸಾರಿಗೆ ಸಂಸ್ಥೆಗಳ ವಿಭಾಗೀಯ ಕಚೇರಿಯಿಂದ ಒಂದು ಆದೇಶ ಹೊರಟರೆ ಮುಂದಿನ ತಿಂಗಳೇ ಬಸ್ ಓಡಬಹುದು.